ಸೀಸೆಯಲ್ಲಿ ಉಳಿದ ಎರಡು ಡೋಸು

"ಇನ್ನೊಂದ್ಸಲ ಹೇಳಿ ಕಾಶಪ್ಪನವರೇ. ಮೊದಲಿನಿಂದ."

ಕಾಶಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳದ ಮೂಲೆಗೆ ಉಗಿದು ಬಂದು ಕಟ್ಟೆಯ ಮೇಲೆ ಕುಳಿತ. ಅವನ ಮುಖದಲ್ಲಿ ಅಸಮಾಧಾನ ಎದ್ದು ಕಾಣುತ್ತಿತ್ತು.

"ಎಷ್ಟು ಸಲ ಹೇಳಬೇಕ್ರಿ ಬಾಯಾರ? ಶುಕ್ರವಾರ ಹೇಳಿದ್ನಲ್ಲ. ನೀವು ಬರಕೊಂಡ್ರಲ್ಲ."

"ಬರ್ಕೊಂಡೆ. ಆದರೆ ನಾಳೆ ಹನ್ನೊಂದು ಗಂಟೆಗೆ ಕೋರ್ಟು. ನೀವೇ ಮುಖ್ಯ ಸಾಕ್ಷಿ. ಎಲ್ಲಾದರೂ ನಾನು ತಪ್ಪು ಕೇಳಿಸ್ಕೊಂಡಿದ್ರೆ ಅಂತ ನಮ್ಮ ಸಾಹೇಬರು ಕಳಿಸಿದ್ದಾರೆ."

ವನಮಾಲಾ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ ನೋಟ್‌ಬುಕ್ ತೆರೆದಳು.

ಕರಂಜವಾಡಿಯ ಸಿದ್ದರಾಮಪ್ಪ ಕಾಣೆಯಾಗಿ ಅಂದಿಗೆ ಹನ್ನೆರಡು ದಿನ. ಅವನನ್ನು ಕೊಂದನೆಂದು ಸೌದೆ ಮಾರುವ, ವಾರಲಿ ಬುಡಕಟ್ಟಿನ ಬಾರಕ್ಯಾನನ್ನು ಪೊಲೀಸರು ಲಾಕಪ್ಪಿನಲ್ಲಿ ಕೂರಿಸಿದ್ದರು. ಆ ಬಾರಕ್ಯಾನನ್ನು ಉಳಿಸಿಕೊಡಿ ಎಂದು ಪಟ್ಟಣದ ಫೋರ್ಟಿನಲ್ಲಿದ್ದ ಆಫೀಸಿಗೆ ಬಂದು ವಕೀಲರ ಕಾಲು ಹಿಡಿದವಳು ಬೇರೆ ಯಾರೂ ಅಲ್ಲ, ಸಿದ್ದರಾಮಪ್ಪನ ಹೆಂಡತಿ ಬಸಲಿಂಗವ್ವ.

ವಕೀಲರು ಪಾರ್ಸಿಯವರು. ಕನ್ನಡ ಬಾರದು. ಆಫೀಸಿನ ಸ್ಟೆನೋ ವನಮಾಲಾ ಮೈಸೂರಿನವಳು. ಹಾಗಾಗಿ ಈ ಕಾಡಿನ ದಾರಿ ಅವಳ ಪಾಲಿಗೆ ಬಂದಿತ್ತು. ಹದಿಮೂರು ವರ್ಷಗಳಿಂದ ಅವರಿವರ ಹೇಳಿಕೆಗಳನ್ನು ಬರೆದುಕೊಳ್ಳುವುದೇ ಅವಳ ಕೆಲಸ. ಮನುಷ್ಯರು ನಿಜ ಹೇಳುವಾಗ ಹೇಗೆ ತಡವರಿಸುತ್ತಾರೆ, ಸುಳ್ಳು ಹೇಳುವಾಗ ಹೇಗೆ ಸರಾಗವಾಗಿ ಮಾತಾಡುತ್ತಾರೆ ಎಂಬುದು ಅವಳ ಬೆರಳುಗಳಿಗೇ ಗೊತ್ತಿತ್ತು.

ಕಾಶಪ್ಪ ಗಂಟಲು ಸರಿಮಾಡಿಕೊಂಡ.

"ಅವತ್ತ ಮುಂಜಾನೆ ಆರೂವರಿಗೆ ನಾ ಕಟ್ಟಿ ಮ್ಯಾಲ ಕುಂತು ಹಲ್ಲು ತಿಕ್ಕಾಕತ್ತಿದ್ನಿರಿ. ಸಿದ್ದರಾಮಪ್ಪನವರು ನನ್ನ ಮನಿ ಮುಂದ ಹಾದು ನೈಋತ್ಯ ದಿಕ್ಕಿಗೆ ಹೊಂಟ್ರು. ಬಾರಕ್ಯಾ ಕೈಯಾಗ ಸೌದಿ ಕಡಿಯೋ ಕೊಯ್ತಾ ಹಿಡಕೊಂಡು ನಲವತ್ತು ಹೆಜ್ಜಿ ಅಂತರದಾಗ ಹಿಂದಿನಿಂದ ಹೋದ. ತಿರುವಿನ್ಯಾಗ ಇಬ್ಬರೂ ಮರೆ ಆದ್ರು. ಆಮ್ಯಾಲ ಒಂದು ಚೀರು ಕೇಳಿಸ್ತು."

ವನಮಾಲಾ ಶುಕ್ರವಾರದ ಪುಟವನ್ನು ಪಕ್ಕಕ್ಕೆ ಇಟ್ಟುಕೊಂಡಿದ್ದಳು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ. "ಅಂತರದಾಗ" ಎನ್ನುವಲ್ಲಿ ಅವತ್ತು ಎಷ್ಟು ಹೊತ್ತು ನಿಂತು ಉಸಿರು ತೆಗೆದುಕೊಂಡಿದ್ದನೋ, ಇವತ್ತೂ ಅಷ್ಟೇ ಹೊತ್ತು ನಿಂತಿದ್ದ. ಶಾಲೆಯ ಹುಡುಗರು ಮಗ್ಗಿ ಒಪ್ಪಿಸುವುದು ಹೀಗೆ. ಕಣ್ಣಾರೆ ಕಂಡದ್ದನ್ನು ಯಾರೂ ಹೀಗೆ ಹೇಳುವುದಿಲ್ಲ.

"ನಾನು ಇವತ್ತು ಬಂದಾಗ ನೀವು ಹಿತ್ತಲಲ್ಲಿದ್ರಿ, ಅಲ್ವಾ?"

"ಹೌದ್ರಿ. ಯಾಕ್ರಿ?"

"ನಾನು ಗೇಟು ಮುಟ್ಟೋ ಮೊದಲೇ ಯಾರದು ಅಂತ ಕೂಗಿದ್ರಿ. ಹೇಗೆ ಗೊತ್ತಾಯ್ತು?"

ಕಾಶಪ್ಪ ನಕ್ಕ. "ಈ ದಿನದಾಗ ಇಲ್ಲಿ ಒಂದು ಇಲಿ ಓಡಿದ್ರೂ ಕೇಳಿಸ್ತೈತ್ರಿ. ಸಾಗವಾನಿ ಎಲಿ ಎಲ್ಲಾ ಉದುರಿ ಹಪ್ಪಳ ಆಗ್ಯಾವ. ನೀವು ತಿರುವಿನ್ಯಾಗ ಇದ್ದಾಗನ ನನಗ ಗೊತ್ತಾತು."

ಹೇಳಿಬಿಟ್ಟ ಮೇಲೆ ಅವನ ನಗು ಮೆಲ್ಲಗೆ ಇಳಿಯಿತು.

ಭಾಂಡುಪ್ ಸ್ಟೇಷನ್ನಿನಿಂದ ಬಂಡಿದಾರಿ ಹಿಡಿದು ಮುಕ್ಕಾಲು ಗಂಟೆ ಗುಡ್ಡ ಹತ್ತಿದರೆ ಕರಂಜವಾಡಿ. ಇದ್ದದ್ದು ಎರಡೇ ಮನೆ. ಒಂದು ಕಾಶಪ್ಪನದು, ಇನ್ನೊಂದು ಇನ್ನೂರು ಹೆಜ್ಜೆ ಮೇಲೆ ಸಿದ್ದರಾಮಪ್ಪನದು. ಸುತ್ತ ಸಾಗವಾನಿ, ಹೊಂಗೆ, ಅಲ್ಲಲ್ಲಿ ಹೂ ಬಿಟ್ಟ ಮುತ್ತುಗ. ಫೆಬ್ರವರಿ ಮುಗಿಯುತ್ತ ಬಂದಿತ್ತು. ಫೋರ್ಟಿನಲ್ಲಿ ಟ್ರಾಮಿನ ಗಲಾಟೆಗೆ ತನ್ನ ಚಪ್ಪಲಿಯ ಸದ್ದೇ ತನಗೆ ಕೇಳದ ವನಮಾಲಾಗೆ, ಇಲ್ಲಿ ತಾನಿಟ್ಟ ಒಂದೊಂದು ಹೆಜ್ಜೆಯೂ ಯಾರಿಗೋ ಸುದ್ದಿ ಮುಟ್ಟಿಸುತ್ತಿದೆ ಎನ್ನಿಸುತ್ತಿತ್ತು.

"ಹಾಗಾದ್ರೆ ಅವತ್ತು ಇಬ್ಬರು ಗಂಡಸರು ನಿಮ್ಮ ಕಟ್ಟೆಯ ಮುಂದೇನೇ ನಡ್ಕೊಂಡು ಹೋದ್ರು. ಅವರ ಹೆಜ್ಜೆ ಸದ್ದಿನ ಮಾತೇ ನೀವು ಎತ್ತಲಿಲ್ಲ. ಎರಡು ಸಲವೂ ಎತ್ತಲಿಲ್ಲ."

"ಲಕ್ಷ್ಯ ಇರಲಿಲ್ರಿ."

"ಇರಲಿ. ನೈಋತ್ಯ ಯಾವ ಕಡೆ? ಸ್ವಲ್ಪ ಕೈ ಮಾಡಿ ತೋರಿಸಿ."

ಕಾಶಪ್ಪನ ಕೈ ಮೇಲೆದ್ದಿತು. ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಕೊನೆಗೆ ಸ್ಟೇಷನ್ನಿನ ಕಡೆ ಹೋಯಿತು. ಅದು ಪೂರ್ವ. ಬೆಳಗಿನ ಬಿಸಿಲು ಅವನ ಕಣ್ಣಿಗೇ ಹೊಡೆಯುತ್ತಿತ್ತು.

ಮೂವತ್ತು ವರ್ಷ ಪರಳದ ಬಟ್ಟೆ ಗಿರಣಿಯಲ್ಲಿ ಕೂಲಿಗಳ ಮೇಲಿನ ಜಾಬರನಾಗಿ ದುಡಿದವನ ಬಾಯಿಗೆ ನೈಋತ್ಯ ಎಂಬ ಮಾತನ್ನು ತುರುಕಿದವರು ಯಾರು?

ವನಮಾಲಾ ನೋಟ್‌ಬುಕ್ ಮುಚ್ಚಿ ಎದ್ದಳು. ಕಾಶಪ್ಪನೂ ಎದ್ದ.

"ಬಾಯಾರ," ಎಂದ ಅವನು, ದನಿ ತಗ್ಗಿಸಿ. "ಒಬ್ಬಾಕೀನ ಹಿಂಗ ಅಡವ್ಯಾಗ ತಿರಗಬ್ಯಾಡ್ರಿ. ಚಿರತಿ ಅದಾವ."

ಅದು ಕಾಳಜಿಯೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ.

*

ಬಸಲಿಂಗವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಹೆಂಗಸು, ದೊಡ್ಡ ಹಣೆ, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಅಳಿಸದ ಕುಂಕುಮ.

"ಬಾ ತಂಗಿ, ಕೂಡು. ಚಾ ಮಾಡ್ತೀನಿ."

"ಚಾ ಬೇಡಮ್ಮಾ. ನೀರು ಕೊಡಿ ಸಾಕು."

ಬಸಲಿಂಗವ್ವ ತಂಬಿಗೆ ತರಲು ಹಿತ್ತಲಿಗೆ ಹೋದಳು. ವನಮಾಲಾ ಗೋಡೆಯ ಗೂಡಿನತ್ತ ನೋಡಿದಳು. ಶುಕ್ರವಾರವೂ ಅವಳ ಕಣ್ಣು ಅಲ್ಲಿಗೇ ಹೋಗಿತ್ತು. ದೇವರ ಪಟದ ಪಕ್ಕದಲ್ಲಿ ಕಂಪೌಂಡರು ಕೊಡುವ ಮಿಕ್ಸ್ಚರಿನ ಸೀಸೆ ಇತ್ತು. ಅದರ ಹೊಟ್ಟೆಗೆ ಡೋಸಿನ ಲೆಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ್ದರು. ಮೇಲೆ ಸಿದ್ದರಾಮಪ್ಪನ ಹೆಸರು, ದಮ್ಮಿಗೆ ದಿನಕ್ಕೊಂದು ಡೋಸು ಎಂಬ ಬರಹ. ಈ ದಮ್ಮಿನ ದೆಸೆಯಿಂದಲೇ ಅವನು ಗಿರಗಾವದ ಚಾಳು ಬಿಟ್ಟು, ನಕ್ಷೆ ಬರೆಯುವ ನೌಕರಿಯಿಂದ ರಿಟೈರಾದ ಮಾರನೆಯ ತಿಂಗಳೇ ಈ ಕಾಡಿನಲ್ಲಿ ಮನೆ ಕಟ್ಟಿಸಿದ್ದು.

ಶುಕ್ರವಾರ ಸೀಸೆಯಲ್ಲಿ ಆರು ಡೋಸು ಇತ್ತು. ಇವತ್ತು ಮಂಗಳವಾರ. ಎರಡೇ ಉಳಿದಿತ್ತು.

ಬಸಲಿಂಗವ್ವ ನೀರು ತಂದಾಗ ವನಮಾಲಾ ಸೀಸೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದ್ದಳು.

"ಈ ಔಷಧಿ ಯಾರು ಕುಡೀತಿದ್ದಾರಮ್ಮಾ?"

ಬಸಲಿಂಗವ್ವ ತಂಬಿಗೆಯನ್ನು ಕೆಳಗಿಟ್ಟಳು.

"ನಾನ ತಂಗಿ. ನನಗೂ ಯಾಕೋ ದಮ್ಮು ಹತ್ತಾಕತ್ತೇತಿ."

ವನಮಾಲಾ ನೋಟ್‌ಬುಕ್ಕಿನ ಹಾಳೆ ತಿರುವಿ ಓದಿದಳು. ಬಸಲಿಂಗವ್ವನದೇ ಮಾತು, ಅವಳದೇ ದನಿ: "'ಇವರಿಗೆ ಔಷಧ ಕುಡಿಸಿ ಕುಡಿಸಿ ನನಗ ಸಾಕಾಗಿತ್ತು. ನಾ ಮಾತ್ರ ಹುಟ್ಟಿದಾಗಿಂದ ಡಾಕ್ಟರ ಔಷಧ ಬಾಯಿಗೆ ಹಚ್ಚಿದಾಕಿ ಅಲ್ಲ.' ಶುಕ್ರವಾರ ನೀವೇ ಹೇಳಿದ್ದು."

ಒಲೆಯ ಮೇಲಿನ ರೊಟ್ಟಿ ಕರಕಲಾಗುವ ವಾಸನೆ ಬಂದಿತು. ಇಬ್ಬರೂ ಅತ್ತ ನೋಡಲಿಲ್ಲ.

"ಬದುಕಿದಾರೆ, ಅಲ್ವಾ?"

ಬಸಲಿಂಗವ್ವ ಅಲ್ಲೇ ನೆಲಕ್ಕೆ ಕುಳಿತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ ಅವಳ ಬಾಯಿಂದ ಬಂದ ಮೊದಲ ಮಾತು ಗಂಡನದಾಗಿರಲಿಲ್ಲ.

"ಹೋದ ಶ್ರಾವಣದಾಗ ಇವರಿಗೆ ದಮ್ಮು ಏರಿ ಕಣ್ಣು ತೇಲಿಸಿಬಿಟ್ಟಿದ್ರು. ಬಂಡಿ ಬರ್ಲಿಲ್ಲ, ದಾರಿ ತುಂಬಾ ಕೆಸರು. ಆ ಬಾರಕ್ಯಾ ಇವರನ್ನ ಬೆನ್ನ ಮ್ಯಾಲ ಹೊತ್ತು ದವಾಖಾನಿ ಮುಟ್ಟಿಸಿದ. ಅಂಥಾವನ್ನ ಫಾಶಿಗೆ ಕಳಿಸಿ ನಾ ಉಣ್ಣೂದು ಹೆಂಗ ತಂಗಿ? ಅದಕ್ಕ ಇವರಿಗೂ ಹೇಳಲಾರದ ನಿಮ್ಮ ಆಫೀಸಿಗೆ ಬಂದೆ."

"ಮತ್ತೆ ಅಲ್ಲೇ ನಿಜ ಹೇಳಬಹುದಿತ್ತಲ್ಲಮ್ಮಾ?"

"ಜೀವದ ಆಣಿ ಹಾಕಿಸ್ಕೊಂಡಾರ. ಅಡವ್ಯಾಗ ಕಳ್ಳಭಟ್ಟಿ ಸರಾಯಿ ಕಾಸೋ ಮಂದಿ ಇದ್ದಾರಂತ. ಇವರು ಅವರನ್ನ ನೋಡ್ಯಾರಂತ. ಮಾರಿ ತೋರಿಸಿದ್ರ ಕಡದು ಹಾಕ್ತಾರಂತ." ಅವಳು ಕಣ್ಣೊರೆಸಿಕೊಂಡು ಎದ್ದಳು. "ನನ್ನ ಮಾತು ಕೇಳೂದಿಲ್ಲ. ಕಲತಾಕಿ ನೀ, ನೀನರೆ ಹೇಳು. ನಾಳೆ ಒಂದು ತಾಸು ಕೋರ್ಟಿಗೆ ಬಂದು ನಿಂತ್ರ ಸಾಕು, ಬಾರಕ್ಯಾ ಮನಿಗೆ ಹೋಗ್ತಾನ."

ಪಾರಿವಾಳದ ಚಿತ್ರವಿದ್ದ ಹಿತ್ತಾಳೆ ಡಬ್ಬಿಯಲ್ಲಿ ರೊಟ್ಟಿ ಪಲ್ಯ ತುಂಬಿಕೊಂಡಳು. ಸೀಸೆಯನ್ನು ಸೆರಗಿನೊಳಗೆ ಮರೆಮಾಡಿಕೊಂಡಳು.

*

ದಾರಿ ಎಂಬುದೇನೂ ಇರಲಿಲ್ಲ. ಬಸಲಿಂಗವ್ವ ಹೋದ ಕಡೆ ವನಮಾಲಾ ಹೋದಳು. ಮೈಲಿ ದೂರದವರೆಗೂ ಮನುಷ್ಯರ ಸುಳಿವಿಲ್ಲ. ಒಮ್ಮೆ ಕೆಳಗಿನ ನಾಲೆಯ ಕಡೆಯಿಂದ ನಾಲ್ಕಾರು ಜನ ಕೂಗಾಡಿದ ಹಾಗಾಯಿತು.

"ಅದೇನಮ್ಮಾ ಗಲಾಟೆ?"

"ತಬೇಲಾದ ಹಾಲಿನ ಭಯ್ಯಾಗಳು ಇರಬೇಕು. ಎಮ್ಮಿ ಕಳಕೊಂಡಿರ್ತಾರ."

ಒಂದು ಗಂಟೆ ನಡೆದ ಮೇಲೆ ಇದ್ದಿಲು ಸುಡುವವರು ಬಿಟ್ಟುಹೋದ ಗುಡಿಸಲು ಕಂಡಿತು. ತಗಡಿನ ಬಾಗಿಲು, ಕಿಟಕಿಯಿಲ್ಲ. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಚಾಪೆಯ ಮೇಲೆ ಕುಳಿತಿದ್ದ ಮನುಷ್ಯ ಹೆದರಿ ಅಡಗಿದವನಂತೆ ಕಾಣಲಿಲ್ಲ. ಗಡ್ಡ ಬೋಳಿಸಿಕೊಂಡು, ಕೂದಲು ಬಾಚಿಕೊಂಡು, ಒಗೆದ ಧೋತರ ಉಟ್ಟಿದ್ದ. ಉಸಿರಾಡುವಾಗ ಮಾತ್ರ ಎದೆಯಲ್ಲಿ ಸಿಳ್ಳು ಕೇಳುತ್ತಿತ್ತು. ಹೊಸಬಳನ್ನು ನೋಡಿ ಅವನ ಕಣ್ಣು ಹೆಂಡತಿಯತ್ತ ತಿರುಗಿತು.

"ಯಾರಿವರು?"

"ವಕೀಲರ ಕಡೆಯವರ್ರಿ. ಬಾರಕ್ಯಾನ..." ಬಸಲಿಂಗವ್ವ ಡಬ್ಬಿಯನ್ನು ಚಾಪೆಯ ಬಳಿ ಇಟ್ಟಳು.

ಸಿಟ್ಟು ಬಂದಿದ್ದರೂ ಸಿದ್ದರಾಮಪ್ಪ ಅದನ್ನು ತೋರಿಸಲಿಲ್ಲ. "ಕೂಡ್ರಿ ಬಾಯಾರ," ಎಂದು ಚಾಪೆಯ ಒಂದು ಬದಿಗೆ ಸರಿದ.

ವನಮಾಲಾ ಕುಳಿತು ನೋಟ್‌ಬುಕ್ ತೊಡೆಯ ಮೇಲೆ ಇಟ್ಟುಕೊಂಡಳು. "ಸಿದ್ದರಾಮಪ್ಪನವರೇ, ನೀವು ಎಲ್ಲೂ ಹೊರಗೆ ಓಡಾಡಬೇಕಾಗಿಲ್ಲ. ಸಾಹೇಬರ ಮೋಟಾರಿನಲ್ಲಿ ಬನ್ನಿ. ಮ್ಯಾಜಿಸ್ಟ್ರೇಟರ ಎದುರು ನಿಂತು ನಿಮ್ಮ ಹೆಸರು ಹೇಳಿ, ಸಾಕು. ಆಮೇಲೆ ಪೊಲೀಸರು ನಿಮಗೆ ಕಾವಲು ಕೊಡ್ತಾರೆ."

"ಆ ಮಂದಿ ನಿಮಗ ಗೊತ್ತಿಲ್ಲ."

"ಅವರನ್ನ ಎಲ್ಲಿ ನೋಡಿದ್ರಿ?"

"ವಿಹಾರ್ ಕೆರಿ ದಾರ್ಯಾಗ. ದೊಡ್ಡ ಬಂಡೆಗಲ್ಲಿನಿಂದ ನೈಋತ್ಯ ದಿಕ್ಕಿಗೆ, ನಲವತ್ತು ಹೆಜ್ಜಿ ಅಂತರದಾಗ ಭಟ್ಟಿ ಹೂಡಿದ್ರು."

ವನಮಾಲಾಳ ಪೆನ್ಸಿಲು ಬರೆಯುತ್ತಲೇ ಇತ್ತು. ಕಾಶಪ್ಪ ಒಪ್ಪಿಸಿದ ಪಾಠ ಯಾರು ಬರೆದುಕೊಟ್ಟದ್ದೆಂದು ಈಗ ಕೇಳಬೇಕಾಗಿರಲಿಲ್ಲ. ಮೂವತ್ತು ವರ್ಷ ನಕ್ಷೆ ಬರೆದ ಕೈಯೇ ಬಾರಕ್ಯಾನ ಕೊರಳಿಗೆ ಹಗ್ಗದ ಅಳತೆ ತೆಗೆದಿತ್ತು. ತನ್ನನ್ನು ಬೆನ್ನಮೇಲೆ ಹೊತ್ತವನ ಕೊರಳಿಗೆ.

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಅವನಿಗೆ ಗೊತ್ತಾಗುತ್ತದೆ ಎಂದು ಹೆದರಿದಳು. ಬಂದ ದಾರಿಯೂ ಸರಿಯಾಗಿ ನೆನಪಿಲ್ಲ, ತಾನು ಈ ಗುಡಿಸಲಲ್ಲಿದ್ದೇನೆಂದು ಆಫೀಸಿನವರಿಗೂ ಗೊತ್ತಿಲ್ಲ.

"ಬಾರಕ್ಯಾನಿಗೆ ಮೂರು ಮಕ್ಕಳು," ಎಂದಳು, ದನಿಯನ್ನು ಹತೋಟಿಯಲ್ಲಿಟ್ಟುಕೊಂಡು.

"ಬಾರಕ್ಯಾಗ ಏನೂ ಆಗೂದಿಲ್ಲ ಬಾಯಾರ." ಸಿದ್ದರಾಮಪ್ಪ ಹೆಂಡತಿ ಕೊಟ್ಟ ಸೀಸೆಯಿಂದ ಒಂದು ಡೋಸು ಅಳೆದು ಕುಡಿದ. ತುಟಿ ಒರೆಸಿಕೊಂಡ. "ನೀವು ವಕೀಲರ ಆಫೀಸಿನವರು, ನಿಮಗ ನಾ ಹೇಳಬೇಕೇನು? ಹೆಣ ಇಲ್ಲದ ಖೂನಿ ಖಟ್ಲೆ ಎಷ್ಟು ದಿನ ನಿಲ್ತೈತಿ? ಎರಡು ತಿಂಗಳಿಗೆ ಬಿಟ್ಟು ಕಳಿಸ್ತಾರ."

"ಅಷ್ಟರತನಕ ಅಂವಾ ಒಳಗ ಕೊಳೀಬೇಕೇನ್ರಿ?" ಎಂದಳು ಬಸಲಿಂಗವ್ವ.

"ನೀ ಸುಮ್ಮನಿರು."

ಹೊರಗೆ ಯಾರೋ ಏದುಸಿರು ಬಿಡುತ್ತ ಓಡಿಬರುವ ಸದ್ದಾಯಿತು. ವನಮಾಲಾ ಗಡಬಡಿಸಿ ಎದ್ದು, ಬಸಲಿಂಗವ್ವನ ಕೈ ಹಿಡಿದು ಗೋಡೆಯ ಬದಿಗೆ ಎಳೆದಳು. ಸಿದ್ದರಾಮಪ್ಪ ಕುಳಿತಲ್ಲಿಂದ ಅಲುಗಲಿಲ್ಲ. ಬರುವವನು ಯಾರೆಂದು ಅವನಿಗೆ ಗೊತ್ತಿದ್ದಂತಿತ್ತು.

ತಗಡಿನ ಬಾಗಿಲು ತಳ್ಳಿಕೊಂಡು ಕಾಶಪ್ಪ ಒಳಗೆ ನುಗ್ಗಿದ. ಬಿಸಿಲಿನಿಂದ ಬಂದವನ ಕಣ್ಣಿಗೆ ಗೋಡೆಯ ಬದಿಯಲ್ಲಿದ್ದವರು ಕಾಣಲಿಲ್ಲ.

"ಸಿಕ್ತರಿ ಸಿದ್ದರಾಮಪ್ಪನವರ! ತಬೇಲಾದವರು ನಸುಕಿನ್ಯಾಗ ನಾಲ್ಯಾಗ ಹೆಣಾ ನೋಡಿ ಪೊಲೀಸರಿಗೆ ತಿಳಿಸಿದ್ರಂತ. ಪೊಲೀಸ್ರು ಗುರುತು ಹಿಡಿಯಾಕ ನನ್ನನ್ನ ಕರಕೊಂಡು ಹೋದ್ರು. ಮಾರಿ ಏನೂ ಉಳದಿಲ್ಲ. ನೀವು ಹೇಳಿದಂಗ ಕೋಟು ನೋಡಿ, ಇದು ಸಿದ್ದರಾಮಪ್ಪನವರದ ಅಂತ ಹೆಬ್ಬೆಟ್ಟು ಒತ್ತಿ ಬಂದೀನಿ. ಇನ್ನ ನೀವು ಸತ್ತಂಗ, ವಿಮಾ ರೊಕ್ಕ ಬಂದಂಗ. ಬಾರಕ್ಯಾನ ಕಥಿ ಮುಗೀತು."

ಸಿದ್ದರಾಮಪ್ಪ ಕಣ್ಣು ಮುಚ್ಚಿದ.

"ಯಾರ ಹೆಣ?" ಎಂದಳು ವನಮಾಲಾ.

ಕಾಶಪ್ಪ ಬೆಚ್ಚಿ ತಿರುಗಿದ. ಅವಳನ್ನು ನೋಡಿದ, ಅವಳ ಹಿಂದಿದ್ದ ಬಸಲಿಂಗವ್ವನನ್ನು ನೋಡಿದ.

"ಸಿದ್ದರಾಮಪ್ಪನವರು ಇಲ್ಲೇ ಕೂತಿದ್ದಾರೆ. ನೀವು ಗುರುತು ಹಿಡಿದು ಬಂದದ್ದು ಯಾರನ್ನ?"

ಸಿದ್ದರಾಮಪ್ಪನ ಎದೆಯ ಸಿಳ್ಳು ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು.

ಬಸಲಿಂಗವ್ವ ಒಂದು ಹೆಜ್ಜೆ ಮುಂದೆ ಬಂದಳು.

"ಯಾವ ಕೋಟು?"

"ಅಕ್ಕಾರ, ನೀವು..."

"ಯಾವ ಕೋಟು ಅಂತ ಕೇಳೀನಿ ಕಾಶಪ್ಪ."

"ಕಂದು ಬಣ್ಣದ್ದು," ಎಂದ ಕಾಶಪ್ಪ, ನೆಲ ನೋಡುತ್ತ. "ಉಣ್ಣೀದು."

ಬಸಲಿಂಗವ್ವ ಗಂಡನ ಎದುರಿಗೆ ಹೋಗಿ ನಿಂತಳು. ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸಿತು ವನಮಾಲಾಗೆ.

"ನನ್ನ ತಮ್ಮ ಶೆಟ್ಟೆಪ್ಪ ವಿಜಾಪುರದಿಂದ ಬಂದು ಎರಡು ದಿನ ಇದ್ನಲ್ಲರಿ. ಮೂರನೇ ದಿನ ಊರಿಗೆ ಹೊಂಟಾಗ, ಮುಂಜಾನೆ ಥಂಡಿ ಐತಿ ಅಂತ ನೀವ ಆ ಕೋಟು ಅವನ ಮೈಗೆ ತೊಡಿಸಿದ್ರಿ. ಸ್ಟೇಷನ್ನಿಗೆ ಬಿಟ್ಟು ಬರ್ತೀನಿ ಅಂತ ನೀವ ಕರಕೊಂಡು ಹೋದ್ರಿ. ತಿರುಗಿ ಬಂದು, ಕಳ್ಳಭಟ್ಟಿಯವರು ಬೆನ್ನು ಹತ್ಯಾರ, ನನ್ನನ್ನ ಮುಚ್ಚಿಡು ಅಂದ್ರಿ. ಶೆಟ್ಟೆಪ್ಪ ಬಂದಿದ್ದ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ, ಅವನೂ ಸಿಕ್ಕೊಳ್ತಾನ ಅಂದ್ರಿ. ನಾ ಬಿಡಲಿಲ್ಲ." ಅವಳು ಉಸಿರು ಎಳೆದುಕೊಂಡಳು. "ಹನ್ನೆರಡು ದಿನ ಆತು. ಮುಟ್ಟೀನಿ ಅಂತ ಅವನ ಒಂದು ಕಾಗದ ಬಂದಿಲ್ಲ."

ಸಿದ್ದರಾಮಪ್ಪ ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದ. ಕಾಶಪ್ಪನಿಗೆ ಗದ್ದದಿಂದ ಬಾಗಿಲತ್ತ ಸನ್ನೆ ಮಾಡಿದ. ಕಾಶಪ್ಪ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು, ಅದಕ್ಕೆ ಬೆನ್ನುಕೊಟ್ಟು ನಿಂತ. ಇದ್ದ ಬೆಳಕೂ ಹೋಯಿತು.

"ಬಾಯಾರ," ಎಂದ ಸಿದ್ದರಾಮಪ್ಪ, ಬಹಳ ಮರ್ಯಾದೆಯಿಂದ. "ಆ ಪುಸ್ತಕ ಇತ್ತ ಕೊಡ್ರಿ."

ವನಮಾಲಾ ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡಳು. ಕತ್ತಲಲ್ಲಿ ಒಂದು ಕೈ ಬಂದು ಅದನ್ನು ಹಿಡಿಯಿತು. ಬಳೆಗಳ ಸದ್ದು. ಆ ಕೈ ಪುಸ್ತಕವನ್ನು ಎಳೆದುಕೊಂಡಿತು, ವನಮಾಲಾಳನ್ನು ತನ್ನ ಬೆನ್ನ ಹಿಂದಕ್ಕೆ ನೂಕಿತು.

"ಪುಸ್ತಕ ನನ್ನ ಉಡ್ಯಾಗ ಐತ್ರಿ," ಎಂದಳು ಬಸಲಿಂಗವ್ವ. "ಬರ್ರಿ. ನಿಮ್ಮ ಕೈಲೆ ಇಸ್ಕೋರಿ."